ಕಲ್ಲು ಮೈ, ಬೀದಿಯ ಮಾತು: ಜ್ಯಾಕ್ ಕರ್ಬಿಯವರ ‘ಫೆಂಟಾಸ್ಟಿಕ್ ಫೋರ್’



ಚಿತ್ರಕಲೆಗೆಂದು ಮೀಸಲಾದ ದತ್ತಿ ಇದು. ಇಂಥ ವೇದಿಕೆಯಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾಗಿ ಹತ್ತು ಸೆಂಟಿಗೆ ಮಾರಾಟವಾದ ಒಂದು ಅಮೆರಿಕನ್ ಕಾಮಿಕ್ಸ್ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ತಡೆಯಲಿಲ್ಲ. ಅದಕ್ಕೆ ನಾನು ಕೃತಜ್ಞ. ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರಿಗೆ ಕಾಮಿಕ್ಸ್ ಎಂದರೆ ಫ್ಯಾಂಟಮ್, ಮಾಂಡ್ರೇಕ್. ಇನ್ನು ಕೆಲವರಿಗೆ ಕಾರ್ಕಳದ ಅನಂತ ಪೈ ಅವರ ಅಮರ ಚಿತ್ರಕಥೆ. ವಿದ್ಯಾರ್ಥಿಗಳಿಗೆ ಸೂಪರ್‌ಹೀರೊಗಳು ಸಿನಿಮಾ ಪರದೆಯಿಂದಲೇ ಪರಿಚಯ. ಇವೆರಡರ ನಡುವೆ ನಮ್ಮಲ್ಲಿ ಅಷ್ಟಾಗಿ ಓದದೆ ಉಳಿದುಹೋದ ಒಂದು ಮಾಸಿಕ ಇದೆ. ಅದೇ ‘ಫೆಂಟಾಸ್ಟಿಕ್ ಫೋರ್’. 1961ರಿಂದ 1970ರವರೆಗೆ ಅದರ ಮೊದಲ 102 ಸಂಚಿಕೆಗಳ ಚಿತ್ರಗಳನ್ನು ಒಬ್ಬರೇ ರಚಿಸಿದರು: ಜ್ಯಾಕ್ ಕರ್ಬಿ.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಸೂಪರ್‌ಹೀರೊಗಳ ಇತಿಹಾಸವನ್ನು ಇಲ್ಲಿ ಹೇಳುವುದಿಲ್ಲ. ಸಿನಿಮಾಗಳ ತಂಟೆಗೂ ಹೋಗುವುದಿಲ್ಲ, ಕೊನೆಗೊಂದು ವಾಕ್ಯ ಬಿಟ್ಟು. ಮೊದಲು ಕರ್ಬಿಯವರ ಹಿನ್ನೆಲೆ, ಅನಂತರ ಅವರು ಬರೆದ ಆ ಜಗಳಗಂಟ ಮನೆಮಂದಿ, ಆಮೇಲೆ ಅವರ ಪುಟ, ಕೊನೆಗೆ ಆ ಪುಟದ ಒಡೆತನದ ಪ್ರಶ್ನೆ. ಮೂರನೆಯದಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಇರುವುದು ಅಲ್ಲಿ. ಆ ವಾದವನ್ನು ಒಂದೇ ಸಾಲಿನಲ್ಲಿ ಹೇಳುವುದಾದರೆ, ಈ ಮಾಸಿಕದಲ್ಲಿ ಕಥೆ ಹೇಳಿದ್ದು ಪೆನ್ಸಿಲ್. ಮಾತು ಬಂದದ್ದು ಆಮೇಲೆ.

ಈಗ ಮೊದಲ ಸಂಗತಿ. ಕರ್ಬಿ ಎಂಬುದು ಅವರೇ ಇಟ್ಟುಕೊಂಡ ಹೆಸರು. 1917ರ ಆಗಸ್ಟ್ 28ರಂದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನಲ್ಲಿ ಹುಟ್ಟಿದಾಗ ಅವರು ಜೇಕಬ್ ಕುರ್ಟ್ಸ್‌ಬರ್ಗ್. ತಂದೆತಾಯಿ ಆಸ್ಟ್ರಿಯಾದಿಂದ ವಲಸೆ ಬಂದ ಯಹೂದಿಗಳು. ತಂದೆ ಬೆಂಜಮಿನ್ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಇಕ್ಕಟ್ಟಾದ ಬಾಡಿಗೆ ವಠಾರಗಳ ಆ ಕೇರಿಯಲ್ಲಿ ಬೀದಿಗೊಂದು ಹುಡುಗರ ಗುಂಪು, ಗುಂಪು ಗುಂಪುಗಳ ನಡುವೆ ಹೊಡೆದಾಟ. ಚಿತ್ರ ಬರೆಯುವುದನ್ನು ಕರ್ಬಿ ಹೆಚ್ಚಾಗಿ ತಾವೇ ಕಲಿತರು. ಸ್ವಲ್ಪ ಕಾಲ ಫ್ಲೈಶರ್ ಸ್ಟುಡಿಯೊದಲ್ಲಿ ಪಾಪ್‌ಐ ಕಾರ್ಟೂನ್‌ಗೆ ಒಂದು ಭಂಗಿಯಿಂದ ಮತ್ತೊಂದು ಭಂಗಿಗೆ ಹೋಗುವ ನಡುವಿನ ಚಿತ್ರಗಳನ್ನು ಬರೆದರು. ಸಾಲು ಮೇಜುಗಳ ಆ ಜಾಗ ತಮಗೆ ಅಪ್ಪನ ಕಾರ್ಖಾನೆಯಂತೆಯೇ ಕಂಡಿತೆಂದು ಮುಂದೆ ಹೇಳಿಕೊಂಡಿದ್ದಾರೆ. ಆದರೆ ದೇಹವೊಂದು ಎಲ್ಲಿಂದ ಹೊರಟು ಎಲ್ಲಿ ತಲುಪುತ್ತದೆ ಎಂಬ ಲೆಕ್ಕಾಚಾರ ಕೈಗೆ ಹತ್ತಿದ್ದು ಅಲ್ಲೇ ಇರಬೇಕು ಎಂದು ನನ್ನ ಊಹೆ.

1941ರ ಮಾರ್ಚ್ ತಿಂಗಳ ದಿನಾಂಕ ಹೊತ್ತ ‘ಕ್ಯಾಪ್ಟನ್ ಅಮೆರಿಕಾ’ದ ಮೊದಲ ಸಂಚಿಕೆಯನ್ನು ಅವರು ಜೋ ಸೈಮನ್ ಜೊತೆ ಸೇರಿ ರೂಪಿಸಿದರು. ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕ ಯುದ್ಧಕ್ಕೆ ಇಳಿಯಲು ಆಗ ಇನ್ನೂ ತಿಂಗಳುಗಳಿದ್ದವು. ಮುಂದೆ ಕರ್ಬಿ ತಾವೇ ಸೈನಿಕರಾಗಿ 1944ರಲ್ಲಿ ನಾರ್ಮಂಡಿಯ ದಡಕ್ಕೆ ಇಳಿದರು, ಜನರಲ್ ಪ್ಯಾಟನ್ ಅವರ ಸೇನೆಯ ಕಾಲಾಳುವಾಗಿ ಕಾದಿದರು, ಹಿಮ ಕಡಿದು ಕಾಲು ಕಳೆದುಕೊಳ್ಳುವ ಹಂತಕ್ಕೆ ಹೋಗಿ ಉಳಿದುಕೊಂಡರು. ಯುದ್ಧ ಮುಗಿದ ಮೇಲೆ ಸೈಮನ್ ಮತ್ತು ಕರ್ಬಿ ಕೈಹಾಕಿದ್ದು ಪ್ರೇಮಕಥೆಗೆ. 1947ರ ‘ಯಂಗ್ ರೊಮಾನ್ಸ್’ ಅವರದೇ. ಇದನ್ನು ಹೇಳಲು ಕಾರಣವಿದೆ: ಫೆಂಟಾಸ್ಟಿಕ್ ಫೋರ್‌ನಲ್ಲಿ ಗುದ್ದಾಟದ ಕರ್ಬಿಯೂ ಇದ್ದಾರೆ, ಕಣ್ಣೀರಿನ ಕರ್ಬಿಯೂ ಇದ್ದಾರೆ. ಗುದ್ದಾಟದ ಕರ್ಬಿಯನ್ನು ಮಾತ್ರ ಹೊಗಳುವವರು ಅವರ ಅರ್ಧ ಕೆಲಸವನ್ನಷ್ಟೇ ನೋಡಿದಂತೆ.

1950ರ ದಶಕದ ನಡುವಿನಲ್ಲಿ ಅಮೆರಿಕದ ಕಾಮಿಕ್ಸ್ ಉದ್ಯಮ ಕುಸಿಯಿತು. 1954ರಲ್ಲಿ ಬಂದ ಕಾಮಿಕ್ಸ್ ಕೋಡ್ ಎಂಬ ನೀತಿಸಂಹಿತೆ ಹಲವರ ಬಾಗಿಲು ಮುಚ್ಚಿಸಿತು. ದಶಕದ ಕೊನೆಗೆ ಕರ್ಬಿ ಮಾರ್ಟಿನ್ ಗುಡ್‌ಮನ್ ಅವರ, ಮುಂದೆ ಮಾರ್ವೆಲ್ ಎಂದು ಹೆಸರಾದ ಪುಟ್ಟ ಪ್ರಕಾಶನಕ್ಕೆ ಮರಳಿದರು. ಅಲ್ಲಿ ಸಂಪಾದಕರಾಗಿದ್ದವರು ಸ್ಟ್ಯಾನ್ ಲೀ. ಆ ಪ್ರಕಾಶನಕ್ಕೆ ಸ್ವಂತ ವಿತರಣೆ ಇರಲಿಲ್ಲ. ಪ್ರತಿಸ್ಪರ್ಧಿಗೇ ಸೇರಿದ ವಿತರಣಾ ಸಂಸ್ಥೆಯ ಮೂಲಕ ತಿಂಗಳಿಗೆ ಎಂಟು ಪುಸ್ತಕಗಳನ್ನಷ್ಟೇ ಅಂಗಡಿಗೆ ಕಳಿಸಬಹುದಿತ್ತು. ಕರ್ಬಿ ಅಲ್ಲಿ ದೈತ್ಯ ಮೃಗಗಳ ಕಥೆಗಳನ್ನು ಬರೆಯುತ್ತಿದ್ದರು. ಇಂದು ಸಿನಿಮಾದಲ್ಲಿ ಮಕ್ಕಳು ಮುದ್ದು ಮಾಡುವ ಗ್ರೂಟ್ ಎಂಬ ಮರಮನುಷ್ಯ 1960ರಲ್ಲಿ ಅಂಥದ್ದೊಂದು ಕಥೆಯ ಖಳನಾಗಿ ಹುಟ್ಟಿದವನು. 1961ರ ಬೇಸಗೆಯಲ್ಲಿ ಫೆಂಟಾಸ್ಟಿಕ್ ಫೋರ್‌ನ ಮೊದಲ ಸಂಚಿಕೆ ಅಂಗಡಿಗೆ ಬಂದಾಗ ಅದರ ಮುಖಪುಟವೂ ಹಾಗೆಯೇ ಇತ್ತು. ರಸ್ತೆ ಸೀಳಿಕೊಂಡು ಮೇಲೇಳುವ ಹಸಿರು ಮೃಗ, ಅದರ ಸುತ್ತ ನಾಲ್ಕು ಜನ. ಅವರಿಗೆ ಸಮವಸ್ತ್ರವಿಲ್ಲ, ಮುಖವಾಡವಿಲ್ಲ. ಅದು ಸೂಪರ್‌ಹೀರೊ ಪುಸ್ತಕವೆಂದು ಮೇಲ್ನೋಟಕ್ಕೆ ಯಾರಿಗೂ ಅನ್ನಿಸದು.

ಇಲ್ಲಿಂದ ಎರಡನೆಯ ಸಂಗತಿಗೆ ಬರುತ್ತೇನೆ. ಯಾರು ಆ ನಾಲ್ವರು?

ಯೂರಿ ಗಗಾರಿನ್ ಭೂಮಿ ಸುತ್ತಿ ಬಂದದ್ದು 1961ರ ಏಪ್ರಿಲ್‌ನಲ್ಲಿ. ಅದಾಗಿ ನಾಲ್ಕೇ ತಿಂಗಳಲ್ಲಿ ಈ ಕಥೆ. ಸೋವಿಯೆತ್ತಿನವರನ್ನು ಹಿಂದೆ ಹಾಕುವ ಅವಸರದಲ್ಲಿ ವಿಜ್ಞಾನಿ ರೀಡ್ ರಿಚರ್ಡ್ಸ್ ಪೂರ್ತಿ ಪರೀಕ್ಷೆಯಾಗದ ರಾಕೆಟ್ಟನ್ನು ಹಾರಿಸಲು ಹೊರಡುತ್ತಾನೆ. ಜೊತೆಗೆ ಅವನನ್ನು ಮದುವೆಯಾಗಲಿರುವ ಸೂ ಸ್ಟಾರ್ಮ್, ಅವಳ ಹದಿಹರೆಯದ ತಮ್ಮ ಜಾನಿ, ಮತ್ತು ಬೇಡ ಬೇಡ ಎಂದು ಎಚ್ಚರಿಸಿಯೂ ಕೊನೆಗೆ ಹಟಕ್ಕೆ ಬಿದ್ದು ನಡೆಸಲು ಕೂತ ಪೈಲಟ್ ಬೆನ್ ಗ್ರಿಮ್. ವಿಶ್ವಕಿರಣಗಳು ನಾಲ್ವರ ಮೈಗಳನ್ನೂ ಮಾರ್ಪಡಿಸುತ್ತವೆ. ರೀಡ್‌ನ ಮೈ ಎಳೆದಷ್ಟು ಉದ್ದವಾಗುತ್ತದೆ, ಸೂ ಕಣ್ಣಿಗೆ ಕಾಣದಾಗುತ್ತಾಳೆ, ಜಾನಿ ಬೆಂಕಿಯಾಗಿ ಹಾರುತ್ತಾನೆ. ಬೆನ್ ಮಾತ್ರ ಮನುಷ್ಯರೂಪವನ್ನೇ ಕಳೆದುಕೊಂಡು ಕಲ್ಲು ಮೈಯ ‘ಥಿಂಗ್’ ಆಗುತ್ತಾನೆ. ಉಳಿದ ಮೂವರು ಬೇಕೆಂದಾಗ ಮಾಮೂಲಿ ಮನುಷ್ಯರಾಗಬಲ್ಲರು. ಅವನಿಗೆ ಆ ದಾರಿ ಇಲ್ಲ. ಒಂಬತ್ತು ವರ್ಷ ಈ ಮಾಸಿಕವನ್ನು ನಡೆಸಿದ ಎಂಜಿನ್ನು ಈ ಅನ್ಯಾಯವೇ. ಅಪರಾಧ ರೀಡ್‌ನದು, ಶಿಕ್ಷೆ ಬೆನ್‌ಗೆ. ಇಬ್ಬರೂ ಇರುವುದು ಒಂದೇ ಮಹಡಿಯಲ್ಲಿ.

ಅದಕ್ಕೂ ಮುಂಚೆ ಸೂಪರ್‌ಹೀರೊ ತಂಡಗಳು ಇರಲಿಲ್ಲವೆಂದಲ್ಲ. 1960ರಲ್ಲಿ ಬಂದ ಜಸ್ಟಿಸ್ ಲೀಗ್ ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಆದರೆ ಅಲ್ಲಿ ಸೇರುತ್ತಿದ್ದವರು ಸಭೆಗೆ ಬಂದ ಗಣ್ಯರು. ಸಭೆ ಮುಗಿಸಿ ತಂತಮ್ಮ ಊರಿಗೆ ಹೋಗುವವರು. ಈ ನಾಲ್ವರು ಒಂದೇ ಸೂರಿನಡಿ ಉಂಡು ಜಗಳಾಡುವವರು. ಊರೂ ಕಟ್ಟುಕಥೆಯದಲ್ಲ, ಬೇಗನೆ ನ್ಯೂಯಾರ್ಕ್ ಎಂದೇ ಆಯಿತು. ಬ್ಯಾಕ್ಸ್‌ಟರ್ ಕಟ್ಟಡದ ಮೇಲಿನ ಮಹಡಿಗಳು ಅವರ ಮನೆ. ಒಂಬತ್ತನೆಯ ಸಂಚಿಕೆಯಲ್ಲಿ ಕೈಯಲ್ಲಿ ಕಾಸಿಲ್ಲದೆ ದಿವಾಳಿಯಾಗುತ್ತಾರೆ, ದುಡ್ಡಿಗಾಗಿ ಸಿನಿಮಾದಲ್ಲಿ ನಟಿಸಲು ಹೊರಡುತ್ತಾರೆ. ಹತ್ತನೆಯದರಲ್ಲಿ ಲೀ ಮತ್ತು ಕರ್ಬಿ ತಾವೇ ಪಾತ್ರಗಳಾಗಿ ಬರುತ್ತಾರೆ. 1965ರ ವಾರ್ಷಿಕ ಸಂಚಿಕೆಯಲ್ಲಿ ರೀಡ್ ಮತ್ತು ಸೂ ಮದುವೆಯಾದಾಗ ಅದೇ ಲೇಖಕ ಕಲಾವಿದರಿಬ್ಬರು ಆಹ್ವಾನಪತ್ರ ಇಲ್ಲವೆಂದು ಬಾಗಿಲಿನಿಂದಲೇ ವಾಪಸಾಗುತ್ತಾರೆ!

ಬೆನ್ ಗ್ರಿಮ್ ಬಗ್ಗೆ ಇನ್ನಷ್ಟು ಹೇಳಬೇಕು. ಅವನು ಬೆಳೆದ ಬೀದಿಯ ಹೆಸರು ಯಾನ್ಸಿ ಸ್ಟ್ರೀಟ್. ಲೋವರ್ ಈಸ್ಟ್ ಸೈಡ್‌ನ ಡಿಲ್ಯಾನ್ಸಿ ಸ್ಟ್ರೀಟ್ ಗೊತ್ತಿದ್ದವರಿಗೆ ಅದು ಯಾವ ಕೇರಿ ಎಂದು ತಿಳಿಯುತ್ತದೆ. ಅಲ್ಲಿನ ಪುಂಡರ ಗುಂಪು ಅವನು ಎಷ್ಟು ದೊಡ್ಡವನಾದರೂ ಕೀಟಲೆ ಬಿಡುವುದಿಲ್ಲ. ಬಾಯಲ್ಲಿ ಸಿಗಾರ್, ಮಾತಿನಲ್ಲಿ ಗಡಸು, ಒಳಗೆ ನಾಚಿಕೆ. ಬೆಂಜಮಿನ್ ಎಂಬ ಹೆಸರು ಕರ್ಬಿಯವರ ತಂದೆಯದು. ಕರ್ಬಿ ತಮ್ಮ ಮನೆಗೆಂದೇ ಬರೆದುಕೊಂಡ ಒಂದು ಚಿತ್ರದಲ್ಲಿ ಈ ಕಲ್ಲು ಮನುಷ್ಯ ಯಹೂದಿ ಟೋಪಿ ತೊಟ್ಟು, ಪ್ರಾರ್ಥನೆಯ ಶಲ್ಯ ಹೊದ್ದು ನಿಂತಿದ್ದಾನೆ. ಮಾಸಿಕದ ಕಥೆಯೊಳಗೆ ಅವನು ಯಹೂದಿ ಎಂದು ಬಾಯಿಬಿಟ್ಟು ಹೇಳಿದ್ದು 2002ರಲ್ಲಿ. ಅಷ್ಟು ಹೊತ್ತಿಗೆ ಕರ್ಬಿ ತೀರಿಕೊಂಡು ಎಂಟು ವರ್ಷವಾಗಿತ್ತು.

ಅವನ ಮುಖವನ್ನು ಗಮನಿಸಿ. ಮೊದಲ ಸಂಚಿಕೆಗಳಲ್ಲಿ ಅವನ ಮೈ ಮುದ್ದೆ ಮುದ್ದೆ, ಆಕಾರ ತಪ್ಪಿದ ಜೇಡಿಮಣ್ಣು. ವರ್ಷಗಳು ಕಳೆದಂತೆ ಅದು ನೀರಾರಿ ಬಿರುಕುಬಿಟ್ಟ ಕೆರೆಯಂಗಳದಂತೆ ಹಲ್ಲೆ ಹಲ್ಲೆಯಾಗಿ ಒಡೆಯುತ್ತದೆ, ಹುಬ್ಬಿನ ಮೇಲೊಂದು ಸೂರು ಮೂಡುತ್ತದೆ. ಆ ಸೂರಿನ ಕೆಳಗೆ ಎರಡು ಕಣ್ಣು. ಕಲ್ಲಿಗೆ ಕೆನ್ನೆ ಇಲ್ಲ, ತುಟಿ ಇಲ್ಲವೆಂದೇ ಹೇಳಬಹುದು. ಭಾವ ತೋರಿಸಲು ಕರ್ಬಿ ತಮಗೆ ಉಳಿಸಿಕೊಂಡದ್ದು ಆ ಹುಬ್ಬು ಮತ್ತು ಬಾಗಿದ ಹೆಗಲು ಮಾತ್ರ. ಅಷ್ಟರಲ್ಲೇ ಸಿಟ್ಟು, ಹುಸಿಮುನಿಸು, ಅವಮಾನ, ಪ್ರೀತಿ ಎಲ್ಲವೂ ಬೇರೆಬೇರೆಯಾಗಿ ತಿಳಿಯುತ್ತವೆ. ಅಮೆರಿಕನ್ ಕಾಮಿಕ್ಸ್‌ನ ಅತ್ಯಂತ ಮಾತಾಳಿ ಮುಖ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಮೆಚ್ಚಿಗೆಯ ನಡುವೆ ಕೊರತೆಯನ್ನೂ ಹೇಳಬೇಕು. ಸೂ ಸ್ಟಾರ್ಮ್ ವಿಷಯದಲ್ಲಿ ಈ ಪುಸ್ತಕ ಬಹುಕಾಲ ಜಿಪುಣತನ ತೋರಿತು. ಅವಳು ಮಾಯವಾಗುತ್ತಾಳೆ, ಸೆರೆ ಸಿಗುತ್ತಾಳೆ, ಚಿಂತೆ ಮಾಡುತ್ತಾಳೆ. ಕಾಣದ ಶಕ್ತಿಗೋಡೆ ಎಬ್ಬಿಸುವ ಬಲ ಅವಳಿಗೆ ಸಿಕ್ಕಿದ್ದು 22ನೆಯ ಸಂಚಿಕೆಯಲ್ಲಿ, 1964ರ ಆರಂಭಕ್ಕೆ. ಆಮೇಲೂ ಗಂಡ ಬೈಯುವುದು ತಪ್ಪಲಿಲ್ಲ. ಕಾಲವೇ ಹಾಗಿತ್ತು ಎಂದು ಕ್ಷಮಿಸಬಹುದು. ಆದರೆ ಅದೇ ಕರ್ಬಿ ಮುಂದೆ ಒಬ್ಬರೇ ಬರೆದ ಪುಸ್ತಕಗಳಲ್ಲಿ ಬಿಗ್ ಬಾರ್ಡಾಳಂಥ ಗಟ್ಟಿಗಿತ್ತಿಯರನ್ನು ತಂದರು ಎಂಬುದನ್ನು ನೋಡಿದರೆ, ಕಾಲದ ಮೇಲೆ ಪೂರ್ತಿ ಹೊರೆ ಹಾಕಲು ಮನಸ್ಸು ಬರುವುದಿಲ್ಲ.

ಈಗ ಮೂರನೆಯದು, ನನ್ನ ಮುಖ್ಯ ಸಂಗತಿ: ಪುಟ.

ಈ ಪುಸ್ತಕ ತಯಾರಾಗುತ್ತಿದ್ದ ವಿಧಾನವನ್ನು ಮೊದಲು ತಿಳಿಯಬೇಕು. ಸಾಮಾನ್ಯವಾಗಿ ಕಾಮಿಕ್ಸ್‌ಗೆ ಲೇಖಕ ಚೌಕಟ್ಟು ಚೌಕಟ್ಟಾಗಿ ಕಥೆ, ಸಂಭಾಷಣೆ ಬರೆದುಕೊಡುತ್ತಾನೆ. ಕಲಾವಿದ ಅದರಂತೆ ಚಿತ್ರಿಸುತ್ತಾನೆ. ಇಲ್ಲಿ ಹಾಗಲ್ಲ. ಲೀ ಮತ್ತು ಕರ್ಬಿ ಕಥೆಯ ಎಳೆಯ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಬರಬರುತ್ತಾ ಆ ಮಾತುಕತೆಯೂ ಚಿಕ್ಕದಾಯಿತು. ಕರ್ಬಿ ಲಾಂಗ್ ಐಲೆಂಡ್‌ನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕೂತು ಇಡೀ ಸಂಚಿಕೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಆ ಕೋಣೆಗೆ ಅವರೇ ‘ಡಂಜನ್’ ಎಂದು ಹೆಸರಿಟ್ಟಿದ್ದರು. ಯಾವ ಘಟನೆ ಎಷ್ಟು ಪುಟ ಹಿಡಿಯಬೇಕು, ಯಾರು ಯಾವಾಗ ಒಳಬರಬೇಕು, ಯಾವ ಕ್ಷಣಕ್ಕೆ ಪೂರ್ತಿ ಪುಟ ಎಂಬುದೆಲ್ಲ ಪೆನ್ಸಿಲ್ ಹಿಡಿದವರ ನಿರ್ಧಾರ. ಪುಟದ ಅಂಚಿನಲ್ಲಿ ಏನಾಗುತ್ತಿದೆ, ಯಾರು ಏನು ಹೇಳುತ್ತಿದ್ದಾರೆ ಎಂದು ಟಿಪ್ಪಣಿ ಬರೆಯುತ್ತಿದ್ದರು. ಲೀ ಅದನ್ನು ನೋಡಿಕೊಂಡು ಮಾತಿನ ಬಲೂನುಗಳನ್ನು ತುಂಬುತ್ತಿದ್ದರು. ಆಮೇಲೆ ಅಕ್ಷರ ಬರೆಯುವವರು, ಶಾಯಿ ಹಾಕುವವರು, ಬಣ್ಣ ಸೂಚಿಸುವವರು. ಆದರೂ ಅಚ್ಚಿನಲ್ಲಿ ಬಹುಕಾಲ ಬಂದದ್ದು ಕಥೆ ಸ್ಟ್ಯಾನ್ ಲೀ, ಚಿತ್ರ ಜ್ಯಾಕ್ ಕರ್ಬಿ ಎಂದು. ಇಬ್ಬರೂ ಸೇರಿ ನಿರ್ಮಿಸಿದ್ದು ಎಂಬ ಒಕ್ಕಣೆ ಬಂದದ್ದು 1966ರ ಸುಮಾರಿಗೆ.

ಉದಾಹರಣೆಗೆ 48, 49, 50ನೆಯ ಸಂಚಿಕೆಗಳನ್ನು ತೆಗೆದುಕೊಳ್ಳೋಣ. 1966ರ ಮಾರ್ಚ್‌ನಿಂದ ಮೇವರೆಗಿನವು. ಗ್ರಹಗಳ ಜೀವಸತ್ವವನ್ನೇ ಆಹಾರವಾಗಿ ತಿನ್ನುವ ಗ್ಯಾಲಕ್ಟಸ್ ಎಂಬುವನು ಭೂಮಿಗೆ ಬರುತ್ತಾನೆ. ಅವನು ದುಷ್ಟನಲ್ಲ, ಹಸಿದವನು. ನಮ್ಮ ನಾಲ್ವರು ಅವನ ಕಣ್ಣಿಗೆ ಹುಳುಗಳು. ಬೆನ್ ಮೇಲೆ ಬಿದ್ದಾಗ ಹುಳುವಿಗೆ ಔಷಧಿ ಸಿಂಪಡಿಸುವ ಹಾಗೆ ಹೊಗೆ ಬಿಟ್ಟು ಸುಮ್ಮನಾಗುತ್ತಾನೆ. ಅವನಿಗಿಂತ ಮುಂಚೆ ದೂತನೊಬ್ಬ ಬರುತ್ತಾನೆ: ಬೆಳ್ಳಿಮೈಯವನು, ಅಲೆಗಳ ಮೇಲೆ ಜಾರುವ ಹಲಗೆಯಂಥದ್ದರ ಮೇಲೆ ನಿಂತು ನಕ್ಷತ್ರಗಳ ನಡುವೆ ಹಾರುವ ಸಿಲ್ವರ್ ಸರ್ಫರ್. ಕರ್ಬಿ ಲೀ ಜೊತೆ ಆಡಿದ ಮಾತಿನಲ್ಲಿ ಅವನು ಇರಲೇ ಇಲ್ಲ. ಪೆನ್ಸಿಲ್ ಪುಟಗಳು ಬಂದಾಗ ಲೀ ಅವನನ್ನು ಮೊದಲ ಸಲ ಕಂಡರು. ಇದನ್ನು ಲೀ ಅವರೇ ಹಲವು ಸಲ ಹೇಳಿದ್ದಾರೆ. ಅಷ್ಟು ದೊಡ್ಡವನಿಗೆ ಮುಂದೆ ನಡೆಯುವ ಒಬ್ಬ ದೂತ ಬೇಕೆನಿಸಿತು, ಬಾಹ್ಯಾಕಾಶ ನೌಕೆಗಳನ್ನು ಬರೆದು ಬರೆದು ಸಾಕಾಗಿತ್ತು, ಹಾಗಾಗಿ ಹಲಗೆ ಕೊಟ್ಟೆ ಎಂಬುದು ಕರ್ಬಿಯವರ ವಿವರಣೆ. ಪಾತ್ರವೊಂದು ಚಿತ್ರವಾಗಿಯೇ ಹುಟ್ಟಿ, ಆಮೇಲೆ ಮಾತು ಪಡೆದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಈ ಕಥೆಯ ಹೆಣಿಗೆಯೂ ವಿಚಿತ್ರ. 48ನೆಯ ಸಂಚಿಕೆ ಹಿಂದಿನ ಕಥೆಯ ಬಾಲದಿಂದ ಶುರುವಾಗುತ್ತದೆ. ಗ್ಯಾಲಕ್ಟಸ್ ಕಾಣುವುದು ಅದರ ಕೊನೆಯ ಪುಟದಲ್ಲಿ. ಅಲ್ಲಿಯವರೆಗೆ ಆಕಾಶ ಉರಿಯುತ್ತದೆ, ಆಮೇಲೆ ಕಲ್ಲುಬಂಡೆಗಳಿಂದ ತುಂಬುತ್ತದೆ, ನ್ಯೂಯಾರ್ಕಿನ ಜನ ಬೀದಿಗೆ ಬಂದು ಬೆಂಕಿಹುಡುಗ ಜಾನಿಯೇ ಕಾರಣವೆಂದು ಅವನ ಮೇಲೆ ತಿರುಗಿಬೀಳುತ್ತಾರೆ. 49ರಲ್ಲಿ ಪ್ರಳಯ ನೆತ್ತಿಯ ಮೇಲೆ ನಿಂತಿರುವಾಗ ರೀಡ್ ಗಡ್ಡ ಹೆರೆದುಕೊಳ್ಳುತ್ತಾನೆ. 50ರಲ್ಲಿ ಲೋಕ ಉಳಿದದ್ದು ಪುಸ್ತಕದ ಅರ್ಧಕ್ಕೇ. ಉಳಿದ ಪುಟಗಳಲ್ಲಿ ಜಾನಿ ಕಾಲೇಜಿಗೆ ಸೇರುತ್ತಾನೆ. ಕಥೆ ಬರೆಯುವ ತರಗತಿಯಲ್ಲಿ ಇದಕ್ಕೆ ಅಂಕ ಸಿಗದು. ಆದರೆ ಓದುವಾಗ ಇದು ತಪ್ಪೆನಿಸುವುದಿಲ್ಲ. ಮನೆಗೆ ಮಹಾವಿಪತ್ತು ಬಂದುಹೋದ ಮರುದಿನವೂ ಹುಡುಗನ ಫೀಸು ಕಟ್ಟುವ ದಿನ ಬಂದೇ ಬರುತ್ತದಲ್ಲವೆ?

ಇನ್ನು ರೇಖೆಯ ವಿಚಾರ. ಅಂಗರಚನೆಯ ಪಾಠ ಓದಿದವರು ಕರ್ಬಿಯವರಲ್ಲಿ ನೂರು ತಪ್ಪು ತೋರಿಸಬಲ್ಲರು. ಚೌಕ ಬೆರಳುಗಳು, ಕಂಬದಂಥ ತೊಡೆಗಳು, ಎಲ್ಲಿಯೂ ಇಲ್ಲದ ಸ್ನಾಯುಗಳು. ನಿಜ. ಅವರು ಹುಡುಕುತ್ತಿದ್ದುದು ಭಾರವನ್ನು, ಭಾರ ಚಲಿಸುವ ದಿಕ್ಕನ್ನು. ಗುದ್ದು ಬಿದ್ದ ಕ್ಷಣವನ್ನು ಅವರು ಬರೆಯುವುದು ಕಡಿಮೆ. ಮುಷ್ಟಿ ಗುರಿಯನ್ನು ದಾಟಿ ಹೋಗಿರುತ್ತದೆ, ಬಿದ್ದವನು ಚೌಕಟ್ಟಿನ ಆಚೆಗೆ ಹಾರುತ್ತಿರುತ್ತಾನೆ. ಓದುಗನ ಕಣ್ಣು ಆ ನಡುವಿನ ಕ್ಷಣವನ್ನು ತಾನೇ ತುಂಬಿಕೊಳ್ಳುತ್ತದೆ. ಮುಂದೆ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗಿ ಪುಟದಿಂದ ಹೊರಕ್ಕೆ ಬರುತ್ತದೆ. ಯಂತ್ರಗಳಂತೂ ಯಾವ ಕೆಲಸಕ್ಕೂ ಬಾರದವು; ಕೊಳವೆ, ಗುಂಡಿ, ಹೊಳೆಯುವ ಅಂಚು. ಆದರೂ ಅವುಗಳ ಮುಂದೆ ನಿಂತವನಿಗೆ ಶಾಖ ತಾಗುತ್ತಿದೆ ಎನ್ನಿಸುತ್ತದೆ. ಶಕ್ತಿಯನ್ನು ತೋರಿಸಲು ಅವರು ಕಂಡುಕೊಂಡ ಕಪ್ಪು ಚುಕ್ಕೆಗಳ ಗುಂಪಿಗೆ ಅಭಿಮಾನಿಗಳು ‘ಕರ್ಬಿ ಕ್ರ್ಯಾಕಲ್’ ಎಂದು ಹೆಸರಿಟ್ಟಿದ್ದಾರೆ. ಒರಟು ಕಾಗದ, ನಾಲ್ಕು ಬಣ್ಣ, ಹರಡುವ ಶಾಯಿ ಇದ್ದ ಅಚ್ಚಿನಲ್ಲಿ ನವಿರು ಗೆರೆ ಉಳಿಯುತ್ತಿರಲಿಲ್ಲ. ದಪ್ಪ ಕಪ್ಪು ಉಳಿಯುತ್ತಿತ್ತು. ಕರ್ಬಿಯವರ ಶೈಲಿಯ ಒಂದು ಪಾಲು ಈ ತಿಳಿವಳಿಕೆಯಿಂದ ಬಂದದ್ದು.

ಇಲ್ಲಿ ಇನ್ನೊಂದು ಹೆಸರು ಹೇಳದಿದ್ದರೆ ಅನ್ಯಾಯ. 44ನೆಯ ಸಂಚಿಕೆಯಿಂದ ಕರ್ಬಿಯವರ ಪೆನ್ಸಿಲ್ ಮೇಲೆ ಶಾಯಿ ಹಾಕಿದವರು ಜೋ ಸಿನ್ನಟ್. ಅದಕ್ಕೆ ಮುಂಚೆ ಡಿಕ್ ಏಯರ್ಸ್, ಚಿಕ್ ಸ್ಟೋನ್ ಮೊದಲಾದವರ ಕೈ ಆಡಿತ್ತು. ಸಿನ್ನಟ್ ಬಂದ ಮೇಲೆ ಲೋಹ ಲೋಹವಾಯಿತು, ಕಲ್ಲು ಕಲ್ಲಾಯಿತು. ಹಲ್ಲೆಗಳ ಮೈ, ಬೆಳ್ಳಿಯ ಹೊಳಪು ನಾವು ನೆನಪಿಟ್ಟುಕೊಂಡ ರೂಪಕ್ಕೆ ಬಂದದ್ದು ಇವರಿಬ್ಬರ ಕೈ ಕೂಡಿದಾಗ.

ಈಗ 51ನೆಯ ಸಂಚಿಕೆ. ನನ್ನ ಮಟ್ಟಿಗೆ ಇಡೀ ಸರಣಿಯ ಶಿಖರ ಇದೇ, ಗ್ಯಾಲಕ್ಟಸ್ ಕಥೆಯಲ್ಲ. ಮೊದಲ ಪುಟ ಪೂರ್ತಿ ಒಂದೇ ಚಿತ್ರ: ರಾತ್ರಿ, ಜಡಿಮಳೆ, ಬೀದಿಯಲ್ಲಿ ಒಬ್ಬನೇ ನಿಂತ ಬೆನ್. ಅಂಧ ಶಿಲ್ಪಿ ಆಲಿಷಿಯಾ ಅವನ ಗೆಳತಿ. ಅವಳ ಮನಸ್ಸು ಆ ಬೆಳ್ಳಿಮೈಯವನ ಕಡೆ ವಾಲಿತೆಂದು ಅವನ ಸಂಕಟ. ಹೆಸರಿಲ್ಲದ ಒಬ್ಬ ವಿಜ್ಞಾನಿ ಅವನನ್ನು ಮನೆಯೊಳಕ್ಕೆ ಕರೆದು ಕಾಫಿ ಕೊಡುತ್ತಾನೆ. ಕಾಫಿಯಲ್ಲಿ ಮತ್ತು ಬರಿಸುವ ಔಷಧಿ. ಬೆನ್ ಎದ್ದಾಗ ಮಾಮೂಲಿ ಮನುಷ್ಯ. ಅವನ ಕಲ್ಲು ಮೈ ವಿಜ್ಞಾನಿಯದಾಗಿದೆ. ರೀಡ್‌ನ ಕೀರ್ತಿಯ ಬಗ್ಗೆ ಹೊಟ್ಟೆಕಿಚ್ಚು ತುಂಬಿದ ಆ ಮನುಷ್ಯ ಬ್ಯಾಕ್ಸ್‌ಟರ್ ಕಟ್ಟಡಕ್ಕೆ ಹೋಗಿ ಗೆಳೆಯನಂತೆ ನಟಿಸುತ್ತಾನೆ. ರೀಡ್ ಅಂದು ಬೇರೊಂದು ಆಯಾಮದೊಳಕ್ಕೆ ಇಳಿಯುವ ಅಪಾಯದ ಪ್ರಯೋಗಕ್ಕೆ ಸಿದ್ಧನಾಗಿದ್ದಾನೆ. ಜೀವ ನಿಂತಿರುವುದು ಒಂದು ಹಗ್ಗದ ಮೇಲೆ, ಆ ಹಗ್ಗ ಹಿಡಿಯಲು ಅವನು ನಂಬಿ ಕರೆಯುವುದು ಈ ವೇಷಧಾರಿಯನ್ನು. ತನ್ನ ಕಣ್ಣೆದುರೇ ಒಬ್ಬ ಮನುಷ್ಯ ಲೋಕದ ಒಳಿತಿಗಾಗಿ ಪ್ರಾಣ ಒತ್ತೆಯಿಡುವುದನ್ನು ಕಂಡ ಖಳನ ಒಳಗು ಅಲುಗುತ್ತದೆ. ಕೊನೆಗೆ ತಾನೇ ಆಚೆ ಹಾರಿ, ರೀಡ್‌ನನ್ನು ಈಚೆಗೆ ಎಸೆದು, ಅಲ್ಲೇ ಉಳಿದು ಸಾಯುತ್ತಾನೆ. ಅವನು ಸತ್ತ ಗಳಿಗೆಯಲ್ಲಿ ಬೆನ್ ಮನುಷ್ಯನಾಗಿ ಆಲಿಷಿಯಾಳ ಬಾಗಿಲ ತನಕ ಬಂದಿದ್ದವನು ಮತ್ತೆ ಕಲ್ಲಾಗುತ್ತಾನೆ.

ಈ ಕಥೆಯಲ್ಲಿ ಗುದ್ದಾಟವಿಲ್ಲ ಎಂದೇ ಹೇಳಬಹುದು. ಇಬ್ಬರು ಥಿಂಗ್‌ಗಳಿಗೆ ಮೈ ಒಂದೇ. ಆದರೆ ವೇಷಧಾರಿ ನಿಂತ ನಿಲುವು ಬೆನ್‌ನದಲ್ಲ. ಅದನ್ನು ಮಾತು ಹೇಳುವ ಮುಂಚೆ ಹೆಗಲು ಹೇಳುತ್ತದೆ. ಆ ಬೇರೆ ಆಯಾಮವನ್ನು ತೋರಿಸಲು ಕರ್ಬಿ ಪೆನ್ಸಿಲ್ ಕೆಳಗಿಟ್ಟು, ನಿಯತಕಾಲಿಕಗಳಿಂದ ಕತ್ತರಿಸಿದ ಫೋಟೊಗಳನ್ನು ಅಂಟಿಸಿ ಕೊಲಾಜ್ ಮಾಡಿದರು. ಅಚ್ಚಿನಲ್ಲಿ ಅದು ಮಸಿ ಮಸಿಯಾಗಿ ಬಂತು. ಆದರೂ ಕೈಯಿಂದ ಬರೆದ ಚಿತ್ರಗಳ ಲೋಕ ಮುಗಿದು ಮತ್ತೇನೋ ಶುರುವಾಯಿತು ಎಂಬ ದಿಗಿಲು ಆ ಕೆಟ್ಟ ಅಚ್ಚಿನಲ್ಲೂ ತಲುಪುತ್ತದೆ. ಮರುತಿಂಗಳೇ, 1966ರ ಜುಲೈ ಸಂಚಿಕೆಯಲ್ಲಿ, ಬ್ಲ್ಯಾಕ್ ಪ್ಯಾಂಥರ್ ಬಂದ. ಆಫ್ರಿಕದ ರಾಜ, ಮುಖ್ಯವಾಹಿನಿಯ ಅಮೆರಿಕನ್ ಕಾಮಿಕ್ಸ್‌ನ ಮೊದಲ ಕಪ್ಪು ಸೂಪರ್‌ಹೀರೊ. ಅವನ ಕಾಡಿನ ಮರಬಳ್ಳಿಗಳು ತಂತಿ, ಯಂತ್ರಗಳಿಂದಾದವು. ಒಂದೇ ವರ್ಷದಲ್ಲಿ ಇಷ್ಟೆಲ್ಲ!

ಸಣ್ಣದೊಂದು ಅಡ್ಡದಾರಿ ಹಿಡಿದು ಮುಂದೆ ಹೋಗುತ್ತೇನೆ, ನಮಗೆ ಸಂಬಂಧಿಸಿದ್ದು ಎಂಬ ಕಾರಣಕ್ಕೆ. ರೋಜರ್ ಜೆಲಾಜ್ನಿಯವರ 1967ರ ಕಾದಂಬರಿ ‘ಲಾರ್ಡ್ ಆಫ್ ಲೈಟ್’ನಲ್ಲಿ ದೂರದ ಗ್ರಹವೊಂದಕ್ಕೆ ಹೋದ ಮನುಷ್ಯರು ನಮ್ಮ ದೇವತೆಗಳ ರೂಪ ಧರಿಸಿ ಆಳುತ್ತಾರೆ. ಅದನ್ನು ಸಿನಿಮಾ ಮಾಡುವ ಯೋಜನೆಗಾಗಿ 1970ರ ದಶಕದ ಕೊನೆಗೆ ಕರ್ಬಿ ಭಾರಿ ಗಾತ್ರದ ವಿನ್ಯಾಸಚಿತ್ರಗಳನ್ನು ಬರೆದರು. ಸಿನಿಮಾ ಆಗಲಿಲ್ಲ. ಆದರೆ 1980ರ ಜನವರಿಯಲ್ಲಿ ಟೆಹರಾನಿನಲ್ಲಿ ಅವಿತಿದ್ದ ಆರು ಅಮೆರಿಕನ್ ರಾಜತಾಂತ್ರಿಕ ಸಿಬ್ಬಂದಿಯನ್ನು ಸಿಐಎ ಸಿನಿಮಾ ತಂಡದ ವೇಷದಲ್ಲಿ ಹೊರತಂದಾಗ, ಚಿತ್ರತಂಡ ನಿಜವೆಂದು ನಂಬಿಸಲು ಬಳಸಿದ್ದು ಅದೇ ಚಿತ್ರಕಥೆ ಮತ್ತು ಕರ್ಬಿಯವರ ಅವೇ ಚಿತ್ರಗಳನ್ನು. ‘ಆರ್ಗೋ’ ಸಿನಿಮಾ ನೋಡಿದವರಿಗೆ ಈ ಪ್ರಸಂಗ ಗೊತ್ತಿರುತ್ತದೆ.

ಈಗ ನಾಲ್ಕನೆಯ, ಕೊನೆಯ ಸಂಗತಿಗೆ ಬರೋಣ. ಪುಟ ಯಾರದು?

ಲೀ ಅವರನ್ನು ಖಳನನ್ನಾಗಿ ಮಾಡುವ ಚಾಳಿ ಕರ್ಬಿ ಅಭಿಮಾನಿಗಳಲ್ಲಿ ಇದೆ. ನನಗೆ ಅದು ಒಪ್ಪಿಗೆಯಲ್ಲ. ಬೆನ್‌ನ ಬಾಯಿಗೆ ಆ ಬೀದಿಮಾತಿನ ಗಮ್ಮತ್ತು, ಜಾನಿ ಮತ್ತು ಅವನ ನಡುವಿನ ಕಚಕಚ ಕೊಟ್ಟವರು ಲೀ. ಕರ್ಬಿ 1970ರಲ್ಲಿ ಹೊರಟು ಡಿಸಿ ಪ್ರಕಾಶನಕ್ಕೆ ಹೋಗಿ ‘ನ್ಯೂ ಗಾಡ್ಸ್’ ಮೊದಲಾದವನ್ನು ಒಬ್ಬರೇ ಬರೆದು ಚಿತ್ರಿಸಿದಾಗ ಕಲ್ಪನೆ ಇನ್ನೂ ಎತ್ತರಕ್ಕೆ ಹೋಯಿತು. ಸಂಭಾಷಣೆ ಮಾತ್ರ ಬಿಗಿದುಕೊಂಡಿತು. ಹಾಗೆಂದು ಲೆಕ್ಕ ಸಮವಾಯಿತೆ? ಇಲ್ಲ. ಲೀ ಸಂಬಳದ ಸಂಪಾದಕ, ಮಾಲೀಕರ ಸಂಬಂಧಿಕ. ಕರ್ಬಿ ಪುಟಕ್ಕಿಷ್ಟು ಎಂದು ಕೂಲಿ ಪಡೆಯುವ ಹೊರಗಿನ ಕೆಲಸಗಾರ. ಕಥೆ ಕಟ್ಟಿದ್ದಕ್ಕೆ ಬೇರೆ ಸಂಭಾವನೆ ಇರಲಿಲ್ಲ. 1968ರಲ್ಲಿ ಸಿಲ್ವರ್ ಸರ್ಫರ್‌ಗೆ ಸ್ವಂತ ಸರಣಿ ಶುರುವಾದಾಗ ಚಿತ್ರಿಸಲು ಕೊಟ್ಟದ್ದು ಜಾನ್ ಬುಸೆಮಾ ಅವರಿಗೆ. ಬುಸೆಮಾ ಸೊಗಸಾದ ಕಲಾವಿದರು, ಅದು ಬೇರೆ ಮಾತು. ಕರ್ಬಿಯವರ ಕೊನೆಯ ಎರಡು ಮೂರು ವರ್ಷಗಳ ಫೆಂಟಾಸ್ಟಿಕ್ ಫೋರ್‌ನಲ್ಲಿ ಹೊಸ ಪಾತ್ರಗಳು ತೀರ ವಿರಳ. ತಮ್ಮದಾಗದ ಹೊಲಕ್ಕೆ ಹೊಸ ಬೀಜ ಹಾಕುವುದನ್ನು ಅವರು ನಿಲ್ಲಿಸಿದ್ದರು.

ಅವರು ಬರೆದ ಮೂಲ ಪುಟಗಳು ಕಂಪನಿಯ ಉಗ್ರಾಣದಲ್ಲಿ ಉಳಿದವು. 1980ರ ದಶಕದಲ್ಲಿ ಮಾರ್ವೆಲ್ ಕಲಾವಿದರಿಗೆ ಅವರ ಪುಟಗಳನ್ನು ಹಿಂತಿರುಗಿಸತೊಡಗಿದಾಗ ಉಳಿದವರಿಗೆ ಒಂದು ಪುಟದ ಕರಾರುಪತ್ರ, ಕರ್ಬಿಯವರಿಗೆ ಮಾತ್ರ ನಾಲ್ಕು ಪುಟದ್ದು. ಕಲಾವಿದರು, ಓದುಗರು ದನಿ ಎತ್ತಿದರು. 1987ರಲ್ಲಿ ಸುಮಾರು 2,000 ಪುಟಗಳು ಮನೆಗೆ ಬಂದವು. ಅವರು ಆ ಪ್ರಕಾಶನಕ್ಕೆ ಬರೆದದ್ದು 10,000ಕ್ಕೂ ಹೆಚ್ಚು ಎಂಬ ಅಂದಾಜಿದೆ. 1994ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದಲ್ಲಿ ಕರ್ಬಿ ನಿಧನರಾದರು. ಆ ಪಾತ್ರಗಳ ಹಕ್ಕುಸ್ವಾಮ್ಯಕ್ಕಾಗಿ 2009ರಲ್ಲಿ ನೋಟಿಸು ಕೊಟ್ಟ ಅವರ ಮಕ್ಕಳು 2011ರಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ, 2013ರಲ್ಲಿ ಮೇಲ್ಮನವಿಯಲ್ಲಿ ಸೋತರು. ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳುವುದೋ ಇಲ್ಲವೋ ಎಂದು ತೀರ್ಮಾನವಾಗುವ ಮೊದಲೇ, 2014ರ ಸೆಪ್ಟೆಂಬರಿನಲ್ಲಿ ರಾಜಿಯಾಯಿತು. ಅಂದಿನಿಂದ ಸೃಷ್ಟಿಕರ್ತರ ಹೆಸರಿನಲ್ಲಿ ಲೀ, ಕರ್ಬಿ ಇಬ್ಬರೂ ಇದ್ದಾರೆ. ಸಿನಿಮಾದ ಬಗ್ಗೆ ಒಂದು ವಾಕ್ಯ ಎಂದಿದ್ದೆ: 2025ರಲ್ಲಿ ಬಂದ ಫೆಂಟಾಸ್ಟಿಕ್ ಫೋರ್ ಚಿತ್ರದಲ್ಲಿ ಕಥೆ ನಡೆಯುವ ಭೂಮಿಗೆ 828 ಎಂದು ಸಂಖ್ಯೆ ಕೊಟ್ಟಿದ್ದಾರೆ, ಎಂಟನೆಯ ತಿಂಗಳ ಇಪ್ಪತ್ತೆಂಟನೆಯ ದಿನ ಹುಟ್ಟಿದ ಕಲಾವಿದರ ಲೆಕ್ಕದಲ್ಲಿ.

ವಿದ್ಯಾರ್ಥಿಗಳಿಗೆ ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ಈ ಸಂಚಿಕೆಗಳು ಈಗ ಸಂಕಲನಗಳಾಗಿ ಸಿಗುತ್ತವೆ. ಒಂದನೆಯದರಿಂದ ಶುರುಮಾಡಬೇಡಿ, ನಿರಾಸೆಯಾದೀತು. 44ರಿಂದ ಹಿಡಿಯಿರಿ, 67ರವರೆಗೆ ಬನ್ನಿ. ಪ್ರತಿಯೊಂದನ್ನೂ ಮೊದಲು ಬಲೂನುಗಳನ್ನು ಓದದೆ ಚಿತ್ರ ಮಾತ್ರ ನೋಡುತ್ತ ಹೋಗಿ, ಕಥೆಯನ್ನು ನಿಮ್ಮ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಲೀ ಅವರ ಮಾತುಗಳೊಂದಿಗೆ ಓದಿ. ಬಹಳ ಕಡೆ ಎರಡೂ ಕೂಡಿಕೊಳ್ಳುತ್ತವೆ. ಕೆಲವೆಡೆ ಚಿತ್ರ ಒಂದು ಹೇಳುತ್ತದೆ, ಮಾತು ಮತ್ತೊಂದು. 66, 67ನೆಯ ಸಂಚಿಕೆಗಳಲ್ಲಿ ವಿಜ್ಞಾನಿಗಳು ಪರಿಪೂರ್ಣ ಮನುಷ್ಯನೊಬ್ಬನನ್ನು ಸೃಷ್ಟಿಸುವ ಕಥೆ ಇದೆ. ಆ ವಿಜ್ಞಾನಿಗಳನ್ನು ಕರ್ಬಿ ಒಳ್ಳೆಯ ಉದ್ದೇಶದವರೆಂದೇ ಚಿತ್ರಿಸಹೊರಟಿದ್ದರು, ಕೇಡಿಗರನ್ನಾಗಿ ಮಾಡಿದವರು ಲೀ ಎಂದು ಮೂಲ ಪುಟಗಳನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ನೀವೇ ನೋಡಿ, ಅವರ ಮಾತು ನಿಮಗೆ ಒಪ್ಪಿಗೆಯೋ ಇಲ್ಲವೋ ಎಂದು. ಒಪ್ಪದವರ ಪ್ರಶ್ನೆಗಳನ್ನೇ ಮೊದಲು ತೆಗೆದುಕೊಳ್ಳುತ್ತೇನೆ.